ಲಾಟ್ ನಂಬರ್ ಕೇಳುವ ನೋಟ್‌ಬುಕ್

೧೪ ಜೂನ್ ೨೦೦೪, ಸೋಮವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ದಿನಾ ಬರೆಯಬೇಕು ಎಂದು ಫಿಸಿಯೋಥೆರಪಿಯವರು ಹೇಳಿದ್ದಾರೆ. ಏನು ಬೇಕಾದರೂ. ಇಷ್ಟು ಸಾಕು.

೧೬ ಜೂನ್

ಬಲಗೈ ಬೆರಳುಗಳಿಗೆ ಸೂಜಿ ಮುಟ್ಟಿಸಿ ನೋಡಿದರು. ಹೆಬ್ಬೆರಳಿಗೆ ಸ್ವಲ್ಪ ಗೊತ್ತಾಯಿತು. ಉಳಿದವಕ್ಕೆ ಇಲ್ಲ.

೨೦ ಜೂನ್

ಮಳೆ. ಏನೂ ಆಗಲಿಲ್ಲ.

೨೪ ಜೂನ್

ಎರಡು ಸಾಲು ಬರೆದರೆ ಕೈ ಪಳಗುವುದಿಲ್ಲ, ಉದ್ದ ಬರೆಯಿರಿ ಎಂದರು. ಬರೆಯಲು ಏನಿಲ್ಲ. ಗೊತ್ತಿರುವುದನ್ನೇ ಬರೆಯುತ್ತೇನೆ. ನನ್ನ ಹೆಸರು ಮಾಧುರಿ. ಚಿಂಚವಾಡದಲ್ಲಿ ಮೂರನೇ ಮಹಡಿಯ ಮನೆ. ನಾನು ಮತ್ತು ನನ್ನ ಅತ್ತೆ ಶಿವಗಂಗವ್ವ ಇದ್ದೇವೆ. ಭೋಸರಿಯ ಒಂದು ಸಂಶೋಧನಾ ಲ್ಯಾಬಿನಲ್ಲಿ ನಾನು ಕೆಮಿಸ್ಟ್. ಮಾರ್ಚ್ ತಿಂಗಳಲ್ಲಿ ದೇಹೂ ರೋಡ್ ಹತ್ತಿರ ನಮ್ಮ ಸ್ಕೂಟರಿಗೆ ಟೆಂಪೋ ಬಡಿಯಿತು. ನನ್ನ ಗಂಡ ಮಹೇಶಕುಮಾರ ತೀರಿಕೊಂಡರು. ನನ್ನ ಬಲಗೈಯ ನರಗಳಿಗೆ ಪೆಟ್ಟಾಯಿತು. ಕೈ ಸೋತಿತು. ನಿಲ್ಲಿಸುತ್ತೇನೆ.

೨೮ ಜೂನ್, ಸೋಮವಾರ

ಲ್ಯಾಬಿಗೆ ಹೋದೆ. ಎಲ್ಲರೂ ಎದ್ದು ನಿಂತರು. ನನ್ನ ಬೆಂಚಿನಲ್ಲಿ ಅಂಬಾದಾಸ ಕೆಲಸ ಮಾಡುತ್ತಿದ್ದ. ಹುಮನಾಬಾದದವನು, ನನಗಿಂತ ಚಿಕ್ಕವನು. “ಅಕ್ಕಾ, ನಿಮ್ಮ ಜಾಗಾ ಬಿಟ್ಟು ಕೊಡ್ತೀನ್ರಿ” ಎಂದ. ಬೇಡ ಎಂದೆ. ಒಂದು ಕೈಯಲ್ಲಿ ಅಲ್ಲಿ ನಿಂತು ಏನು ಮಾಡುವುದು.

ಲ್ಯಾಬಿನ ಮುಖ್ಯಸ್ಥೆ ಲೇಲೆ ಮೇಡಂ ತಮ್ಮ ಕೋಣೆಗೆ ಕರೆದು ಕೂರಿಸಿದರು. ನಮ್ಮಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಪ್ರಯೋಗ ಮಾಡಿದವರೇ ಅದೇ ದಿನ ತಮ್ಮ ಲ್ಯಾಬ್ ನೋಟ್‌ಬುಕ್ಕಿನಲ್ಲಿ ಶಾಯಿಯಿಂದ ಬರೆಯಬೇಕು. ಇನ್ನೊಬ್ಬರು ಅದನ್ನು ಓದಿ ಸಾಕ್ಷಿ ಸಹಿ ಹಾಕಬೇಕು. ನನ್ನ ಎಡಗೈ ಬರಹವನ್ನು ಯಾರೂ ಓದಲಾರರು. ಬರೆಯಲಾಗದವಳು ಪ್ರಯೋಗ ಮಾಡುವ ಹಾಗಿಲ್ಲ.

“ಬಘೂಯಾ” ಎಂದರು ಮೇಡಂ. ನೋಡೋಣ ಎಂದು.

೬ ಜುಲೈ

ನೋಡಿದರು. ನಮಗೆ ಕೆಲಸ ಕೊಡುವ ಅಮೆರಿಕದ ಕಂಪನಿ ಒಂದು ಎಲೆಕ್ಟ್ರಾನಿಕ್ ನೋಟ್‌ಬುಕ್ ಕಳಿಸಿದೆಯಂತೆ. ಪುಸ್ತಕವಲ್ಲ, ಕಂಪ್ಯೂಟರಿನಲ್ಲಿ ಓಡುವ ಪ್ರೋಗ್ರಾಂ. ಬಂದು ಆರು ತಿಂಗಳಾದರೂ ಯಾರೂ ತೆರೆದಿಲ್ಲ. ಪ್ರಯೋಗ ಮಾಡುವವರಿಗೆ ಪುರಸೊತ್ತಿಲ್ಲ. ನನಗೆ ಇದೆ. ನಾನು, ಅಂಬಾದಾಸ, ಹಿರಿಯ ಕೆಮಿಸ್ಟ್ ಬಸವಲಿಂಗ ಸರ್, ಈ ಮೂವರು ಒಂದೇ ಔಷಧದ ಮೇಲೆ ಕೆಲಸ ಮಾಡುತ್ತಿದ್ದೆವು. ಆ ಮೂವರ ಹಳೆಯ ನೋಟ್‌ಬುಕ್ಕುಗಳನ್ನು ಮೊದಲು ಇದಕ್ಕೆ ಏರಿಸಬೇಕು. ಆಮೇಲೆ ಎಲ್ಲರೂ ಇದರಲ್ಲೇ ಬರೆಯಬೇಕು.

ಎಡಗೈಯಿಂದ ಒಂದೊಂದೇ ಕೀಲಿ ಒತ್ತುತ್ತೇನೆ. ಕೆಲಸ ಬೇಸರದ್ದು. ಬೇಸರವಾಗುವುದಿಲ್ಲ.

೧೩ ಜುಲೈ

ಟೈಪ್ ಮಾಡಿದೆ.

೧೪ ಜುಲೈ

ಟೈಪ್ ಮಾಡಿದೆ. ಅತ್ತೆ ಹೆಸರುಬೇಳೆ ಮಾಡಿದ್ದರು. ಉಂಡೆ.

೨೩ ಜುಲೈ

ಬಸವಲಿಂಗ ಸರ್ ಬಂದು ಹಿಂದೆ ನಿಂತರು. ಜಮಖಂಡಿ ಕಡೆಯವರು. ಈ ಲ್ಯಾಬ್ ಎರಡು ಕೋಣೆ ಇದ್ದಾಗಿನಿಂದ ಇಲ್ಲಿದ್ದಾರೆ. ನನಗೆ ಈ ಕೆಲಸ ಕಲಿಸಿದವರೂ ಅವರೇ. ತಮ್ಮ ನೋಟ್‌ಬುಕ್ಕನ್ನು ಎದೆಗೆ ಅವಚಿಕೊಂಡಿದ್ದರು.

“ಇದನ್ನೂ ಅದರಾಗ ಹಾಕ್ತಿ ಏನು, ತಂಗಿ?”

“ಹೌದ್ರಿ ಸರ್.”

“ನನ್ನ ಅಕ್ಷರ ಅದಾವ ಇದರಾಗ. ಅಲ್ಲಿ ಹಾಕಿದ ಮ್ಯಾಲೆ ಎಲ್ಲಾರದೂ ಒಂದೇ ಅಕ್ಷರ. ಯಾರು ಮಾಡಿದ್ರು ಅಂತ ಹ್ಯಾಂಗ ತಿಳೀತದ?”

ಪುಟದ ತಲೆಯಲ್ಲಿ ಅವರ ಹೆಸರು, ತಾರೀಖು, ವೇಳೆ ಬರುತ್ತದೆ ಎಂದು ತೋರಿಸಿದೆ. ವೇಳೆಯನ್ನು ನಾವು ಹಾಕುವುದಲ್ಲ, ಅದೇ ಹಾಕಿಕೊಳ್ಳುತ್ತದೆ. ಯಾರಾದರೂ ಒಂದಂಕಿ ತಿದ್ದಿದರೆ ಹಳೆಯ ಅಂಕಿಯೂ ಉಳಿಯುತ್ತದೆ, ತಿದ್ದಿದವರ ಹೆಸರೂ ಉಳಿಯುತ್ತದೆ. ಕನ್ನಡಕ ಮೇಲೇರಿಸಿ ನೋಡಿದರು. “ಕರೆಂಟ್ ಹೋದ್ರ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು. ಪುಸ್ತಕವನ್ನು ಮಾತ್ರ ನನ್ನ ಮೇಜಿನ ಮೇಲೆ ಇಟ್ಟಿದ್ದರು.

೧೫ ಆಗಸ್ಟ್, ಭಾನುವಾರ

ನಾದಿನಿ ಶಿವಕಾಂತಾ ಗುಲ್ಬರ್ಗಾದಿಂದ ಫೋನ್ ಮಾಡಿದಳು. ಅವ್ವನನ್ನು ಅಲ್ಲಿಗೆ ಕಳಿಸಬೇಕಂತೆ. ಅತ್ತೆ ಫೋನಿಟ್ಟು ನನ್ನ ಮುಖ ನೋಡಿದರು.

“ಏನಂತಿ? ಹೋಗಲ್ಯಾ?”

“ನಿಮಗ ಹ್ಯಾಂಗ ಅನಸ್ತದ ಹಂಗ ಮಾಡ್ರಿ ಅತ್ತಿ” ಎಂದೆ.

ಅವರು ಒಳಗೆ ಹೋಗಿ ಅಕ್ಕಿ ಆರಿಸುತ್ತ ಕೂತರು. ಆ ಅಕ್ಕಿ ನಿನ್ನೆಯೇ ಆರಿಸಿದ್ದಾಗಿತ್ತು.

೨ ಸೆಪ್ಟೆಂಬರ್

ಹಳೆಯ ನೋಟ್‌ಬುಕ್ಕುಗಳು ಮುಗಿದವು. ಇನ್ನು ಎಲ್ಲರೂ ನೇರ ಕಂಪ್ಯೂಟರಿನಲ್ಲೇ ಬರೆಯಬೇಕು. ಮೊದಲ ದಿನವೇ ಜಗಳ. ಒಂದು ಖಾನೆ ಕೆಂಪಗಿರುತ್ತದೆ: ಬಳಸಿದ ಪ್ರತಿ ರಾಸಾಯನಿಕದ ಲಾಟ್ ನಂಬರ್, ಎಂದರೆ ಅದು ಯಾವ ಕಂಪನಿಯ ಯಾವ ಸರಕಿನ ಬಾಟಲಿ ಎನ್ನುವುದು. ಅದನ್ನು ತುಂಬದಿದ್ದರೆ ಪುಟ ಮುಚ್ಚುವುದಿಲ್ಲ, ಸಹಿ ತೆಗೆದುಕೊಳ್ಳುವುದಿಲ್ಲ. ಕಾಗದದ ನೋಟ್‌ಬುಕ್ಕಿನಲ್ಲಿ ನಾವು ಯಾರೂ ಅದನ್ನು ಬರೆಯುತ್ತಿರಲಿಲ್ಲ. ಬರೆದರೂ ಮನಸ್ಸು ಬಂದಾಗ.

ಬಸವಲಿಂಗ ಸರ್ ಮೂರು ಸಲ ಎದ್ದು ಕಪಾಟಿಗೆ ಹೋಗಿ ಬಾಟಲಿ ತಿರುವಿ ಓದಿ ಬಂದರು. “ಬಾಟ್ಲಿ ಜಾತಕ ಕೇಳ್ತದಲ್ಲ ಇದು” ಎಂದರು. ಅಂಬಾದಾಸ ನಕ್ಕ. ನಾನು ಆ ಖಾನೆಯನ್ನು ತೆಗೆಸಬಹುದಿತ್ತು. ಮೇಡಂಗೆ ಹೇಳಬೇಕಿತ್ತು ಅಷ್ಟೆ. ಎದ್ದು ಹೋಗುವಷ್ಟು ಮನಸ್ಸಾಗಲಿಲ್ಲ. ಅದು ಹಾಗೇ ಉಳಿಯಿತು.

೧೮ ಸೆಪ್ಟೆಂಬರ್

ಗಣಪತಿ ಹಬ್ಬ. ನಮಗೆ ಈ ವರ್ಷ ಇಲ್ಲ. ಕೆಳಗಿನ ಮನೆಯವರು ಮೋದಕ ಕೊಟ್ಟು ಹೋದರು. ಅತ್ತೆ ಒಂದು ತಿಂದರು. ನನಗೆ ರುಚಿ ತಿಳಿಯಲಿಲ್ಲ.

೮ ಅಕ್ಟೋಬರ್

ಮೇಡಂಗೆ ತುರ್ತಾಗಿ ಒಂದು ಪ್ರಯೋಗ ಬೇಕಿತ್ತು. ಹಿಂದೆ ಯಾರೋ ನಮ್ಮ ಔಷಧ ತಯಾರಿಕೆಯ ಎರಡನೇ ಹಂತದಲ್ಲಿ ಬೇರೆ ದ್ರಾವಕ ಹಾಕಿ ನೋಡಿದ್ದರು, ಯಾರೆಂದು ನೆನಪಿಲ್ಲ. ಮೊದಲಾಗಿದ್ದರೆ ಅರ್ಧ ದಿನ ಕಪಾಟಿನ ಮುಂದೆ ಕೂತು ಎಲ್ಲರ ಪುಸ್ತಕಗಳನ್ನು ತಿರುವಬೇಕಿತ್ತು. ಹುಡುಕುವ ಜಾಗದಲ್ಲಿ ದ್ರಾವಕದ ಹೆಸರು ಹೊಡೆದೆ. ಮೂರು ಪುಟ ಬಂದವು. ಅದರಲ್ಲಿ ಒಂದು ನಾನೇ ಮಾಡಿದ್ದು, ಕಳೆದ ಫೆಬ್ರುವರಿಯಲ್ಲಿ. ಯಂತ್ರದಿಂದ ಬಂದ ಗ್ರಾಫ್ ಕೂಡ ಪುಟಕ್ಕೇ ಅಂಟಿಕೊಂಡಿತ್ತು. ಗೋಂದು ಹಾಕಿ ಅಂಟಿಸಿದವು ಎಷ್ಟೋ ಉದುರಿ ಹೋಗಿರುತ್ತಿದ್ದವು.

ಮೇಡಂ ಬೆನ್ನು ತಟ್ಟಿದರು. “ಇದನ್ನು ಎಲ್ಲರಿಗೂ ಕಲಿಸು” ಎಂದರು ಮರಾಠಿಯಲ್ಲಿ. ಆ ಫೆಬ್ರುವರಿಯ ಪ್ರಯೋಗ ನನಗೆ ಚೂರೂ ನೆನಪಿರಲಿಲ್ಲ. ಓದಿದೆ. ಚೆನ್ನಾಗಿ ಮಾಡಿದ್ದೆ.

೧೨ ನವೆಂಬರ್

ದೀಪಾವಳಿ. ದೀಪ ಹಚ್ಚಲಿಲ್ಲ.

೩ ಡಿಸೆಂಬರ್

ಮೂರನೇ ಹಂತ ಕೆಡುತ್ತಿದೆ. ಅಲ್ಲಿ ಪಲ್ಲಾಡಿಯಂ ಲೋಹ ಬೆರೆತ ಕರಿ ಪುಡಿ ಹಾಕಿ ಹೈಡ್ರೋಜನ್ ಕೊಡುತ್ತೇವೆ. ಸಂಜೆಯ ಹೊತ್ತಿಗೆ ಕ್ರಿಯೆ ಪೂರ್ತಿ ಆಗಬೇಕು. ಈಗ ಅರ್ಧಕ್ಕೆ ನಿಲ್ಲುತ್ತದೆ. ಬಸವಲಿಂಗ ಸರ್ ಮಾಡಿದ ದೊಡ್ಡ ಬ್ಯಾಚುಗಳು ಒಂದರ ಹಿಂದೊಂದು ಕೆಟ್ಟವು. ಅಮೆರಿಕದವರು ದಿನಾ ಕೇಳುತ್ತಿದ್ದಾರೆ. ಸರ್ ಊಟದ ಡಬ್ಬಿ ತೆಗೆಯದೆ ಕೂತಿದ್ದರು.

೧೭ ಡಿಸೆಂಬರ್

ಇನ್ನೊಂದು ಕೆಟ್ಟಿತು.

೨೮ ಡಿಸೆಂಬರ್

ಗೇಟಿನ ಹೊರಗಿನ ಚಹಾ ಟಪರಿಯಲ್ಲಿ ಬಸವಲಿಂಗ ಸರ್ ಸಿಕ್ಕರು. ಚಹಾ ತಣ್ಣಗಾಗಿ ಕೆನೆ ಕಟ್ಟಿತ್ತು.

“ಈ ತಿಂಗಳು ಮುಗೀಲಿ, ಮುಂದಿನ ತಿಂಗಳ ಕೊನೀಗೆ ಕೆಲಸ ಬಿಡ್ರಿ ಅಂದಾರ ಮೇಡಂ, ತಂಗಿ. ಕಣ್ಣು ಸರಿ ಇಲ್ಲ, ತೂಕ ತಪ್ಪಾಗ್ಲಿಕತ್ತದ, ವಯಸ್ಸಾತು ಅಂತ.”

“ನೀವೇನಂದ್ರಿ?”

“ಏನನ್ಲಿ? ಬ್ಯಾಚ್ ಕೆಟ್ಟಾವ, ಖರೇ ಅದ. ನನಗೂ ಈಗ ಸಂಶಯ ಬರ್ತದ. ರಾತ್ರಿ ಮಲಕೊಂಡಾಗ ತೂಕ ಮಾಡಿದ್ದು ನೆನಸ್ಕೋತೀನಿ. ಸರಿ ಮಾಡಿದ್ನೋ ಇಲ್ಲೋ.”

ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಬಸ್ಸು ಬಂತು, ಹತ್ತಿದೆ. ನನಗೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು ಎಂದು ಮಾತ್ರ ಗೊತ್ತಾಯಿತು.

೪ ಜನವರಿ ೨೦೦೫

ತೂಕ ತಪ್ಪಿದ್ದರೆ ನೋಟ್‌ಬುಕ್ಕಿನಲ್ಲಿ ಕಾಣಬೇಕಲ್ಲ ಎಂದು ಬೆಳಿಗ್ಗೆ ಬಸ್ಸಿನಲ್ಲಿ ಹೊಳೆಯಿತು. ತೂಕದ ಯಂತ್ರದ ಅಂಕಿ ಈಗ ನೇರವಾಗಿ ಪುಟಕ್ಕೇ ಬರುತ್ತದೆ, ಯಾರೂ ಕೈಯಿಂದ ಬರೆಯುವುದಿಲ್ಲ. ಸರ್ ಮಾಡಿದ ಎಲ್ಲ ಮೂರನೇ ಹಂತಗಳನ್ನು ತೆಗೆದೆ. ತೂಕಗಳೆಲ್ಲ ಸರಿ ಇವೆ.

ಮತ್ತೆ ಮೂವರ ಮೂರನೇ ಹಂತಗಳನ್ನೂ ಒಟ್ಟಿಗೆ ತೆಗೆದೆ. ಮಾಡಿದವರ ಹೆಸರಿನ ಪ್ರಕಾರ ಜೋಡಿಸಿದರೆ ಕೆಟ್ಟವು ಬಹುಪಾಲು ಸರ್ ಹೆಸರಿನ ಕೆಳಗೆ. ಮೇಡಂ ನೋಡಿದ್ದು ಇಷ್ಟೇ. ಆದರೆ ಹೆಚ್ಚು ಮಾಡಿದವರೂ ಅವರೇ. ತಾರೀಖಿನ ಪ್ರಕಾರ ಜೋಡಿಸಿದೆ. ನವೆಂಬರಿನಿಂದ ಕೆಡಲು ಶುರು. ಅಂಬಾದಾಸನವೂ ಎರಡು ಕೆಟ್ಟಿವೆ, ಚಿಕ್ಕವಾದ್ದರಿಂದ ಯಾರೂ ಮಾತಾಡಿರಲಿಲ್ಲ. ಆಮೇಲೆ ಕರಿ ಪುಡಿಯ ಲಾಟ್ ನಂಬರಿನ ಪ್ರಕಾರ ಜೋಡಿಸಿದೆ.

ಕೆಟ್ಟವೆಲ್ಲ ಒಂದೇ ಲಾಟಿನವು. ಆ ಲಾಟಿನಿಂದ ಮಾಡಿದ ಒಂದೂ ಪೂರ್ತಿ ಆಗಿಲ್ಲ. ಹಳೆಯ ಲಾಟಿನಿಂದ ಮಾಡಿದ ಒಂದೂ ಕೆಟ್ಟಿಲ್ಲ.

ಮಧ್ಯಾಹ್ನ ಊಟ ಮರೆತಿದ್ದೆ. ಸರ್ ಬಂದು ತಮ್ಮ ಡಬ್ಬಿಯಿಂದ ಅರ್ಧ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇಟ್ಟು ಹೋದರು. ಚಟ್ನಿ ಭಾರಿ ಖಾರ. ಮೂರು ಲೋಟ ನೀರು ಕುಡಿದೆ. ಅವರಿಗೆ ಇನ್ನೂ ಏನೂ ಹೇಳಿಲ್ಲ. ಕಂಡದ್ದು ಬರೀ ಹೊಂದಾಣಿಕೆ. ಪ್ರಯೋಗ ಮಾಡಿ ನೋಡದೆ ಹೇಳಬಾರದು.

೭ ಜನವರಿ, ಶುಕ್ರವಾರ

ಪ್ರಯೋಗ ನಾನೇ ಮಾಡಿದೆ. ಹಳೆಯ ಬಾಟಲಿಯ ತಳದಲ್ಲಿ ಸ್ವಲ್ಪ ಪುಡಿ ಉಳಿದಿತ್ತು. ಒಂದು ಪಾತ್ರೆಗೆ ಅದು, ಇನ್ನೊಂದಕ್ಕೆ ಹೊಸ ಲಾಟಿನದು. ಉಳಿದದ್ದೆಲ್ಲ ಒಂದೇ. ಎಡಗೈಯಿಂದ ತೂಗಿದೆ. ಬಲಗೈಯಿಂದ ಪಾತ್ರೆಯನ್ನು ಮೈಗೆ ಒತ್ತಿ ಹಿಡಿಯಬಹುದು, ಅಷ್ಟು ಆಗುತ್ತದೆ. ಆ ಪುಡಿ ಒಣಗಿದರೆ ಬೆಂಕಿ ಹತ್ತಬಹುದು. ಅದಕ್ಕೆ ಅಂಬಾದಾಸ ಪಕ್ಕದಲ್ಲೇ ನಿಂತಿದ್ದ.

“ನಾ ಮಾಡ್ತೀನಿ ಬಿಡ್ರಿ ಅಕ್ಕಾ.”

“ನೀ ಮಾಡಿದ್ರ ನಿನ್ನ ಹೆಸರಾಗ ಬರೀಬೇಕಾಗ್ತದ. ನಾ ಮಾಡ್ತೀನಿ.”

ಸಂಜೆ ಎರಡನ್ನೂ ಪರೀಕ್ಷೆಗೆ ಹಾಕಿದೆವು. ಹಳೆಯ ಪುಡಿಯದು ಪೂರ್ತಿ ಆಗಿತ್ತು. ಹೊಸದು ಅರ್ಧಕ್ಕೆ ನಿಂತಿತ್ತು. ಅಂಬಾದಾಸ ಗ್ರಾಫ್ ನೋಡಿ ಕುರ್ಚಿಯಲ್ಲಿ ಕೂತುಬಿಟ್ಟ. “ಸರ್‌ದು ಏನೂ ತಪ್ಪಿಲ್ಲಲ್ರಿ” ಎಂದ.

ಮನೆಗೆ ಬರುವಾಗ ಪಿಂಪ್ರಿಯಲ್ಲಿ ಇಳಿದು ಅತ್ತೆಗೆ ಸೀತಾಫಲ ಹುಡುಕಿದೆ. ಸಿಗಲಿಲ್ಲ, ಕಾಲ ಮುಗಿದಿದೆ. ಪೇರಲೆ ತಂದೆ.

೧೦ ಜನವರಿ, ಸೋಮವಾರ

ಶುಕ್ರವಾರವೇ ಬರೆದು ಮುಗಿಸಿದ್ದ ಪುಟವನ್ನು ಸಹಿ ಹಾಕುವ ಮುಂಚೆ ಮೇಡಂಗೆ ತೋರಿಸಿದೆ. ಬಾಗಿಲು ಹಾಕು ಎಂದರು. ಎರಡು ಸಲ ಓದಿದರು.

ಆ ಕರಿ ಪುಡಿಯನ್ನು ಹೊಸ ಕಡೆಯಿಂದ ತರಿಸಿದ್ದು ಅವರೇ. ಅಮೆರಿಕದವರನ್ನು ಕೇಳದೆ ಬದಲಿಸುವ ಹಾಗಿರಲಿಲ್ಲ. ಕೇಳಿರಲಿಲ್ಲ.

“ಒಳ್ಳೆಯ ಕೆಲಸ ಮಾಡಿದ್ದೀಯ” ಎಂದರು. “ನಾಳೆಯಿಂದ ಹಳೆಯ ಕಂಪನಿಯ ಪುಡಿಯನ್ನೇ ತರಿಸುತ್ತೇನೆ. ಫೆಬ್ರುವರಿ ಕೊನೆಗೆ ಅವರು ಇಲ್ಲಿಗೇ ಬರುತ್ತಾರೆ. ಆಗ ನಾನೇ ಸರಿಯಾಗಿ ವಿವರಿಸುತ್ತೇನೆ. ಅಲ್ಲಿಯವರೆಗೆ ಇದು ಹೀಗೇ ಇರಲಿ.”

“ಬಸವಲಿಂಗ ಸರ್ ವಿಷಯ?”

“ಅದು ಬೇರೆ. ಅವರು ಹೇಗೂ ಹೋಗುವವರೇ.”

“ಅವರು ಈ ತಿಂಗಳ ಕೊನೆಗೆ ಹೋಗ್ತಾರೆ ಮೇಡಂ. ತಮ್ಮ ತಪ್ಪಿಂದ ಅಂತ ತಿಳ್ಕೊಂಡಿದ್ದಾರೆ.”

ಮೇಡಂ ಕಿಟಕಿಯ ಕಡೆ ನೋಡಿದರು. ಕೆಟ್ಟವರಲ್ಲ. ನಾನು ಆಸ್ಪತ್ರೆಯಲ್ಲಿದ್ದಾಗ ವಾರಕ್ಕೆರಡು ಸಲ ಬಂದವರು. “ಈ ಪುಟಕ್ಕೆ ಇನ್ನೂ ಸಹಿ ಆಗಿಲ್ಲ ತಾನೇ?” ಎಂದು ಕೇಳಿದರು.

“ಆಗಿಲ್ಲ.”

“ಇರಲಿ.”

ಸಹಿ ಆಗದ ಪುಟ ಬರೆದವರಿಗೆ ಮಾತ್ರ ಕಾಣುತ್ತದೆ. ಸಹಿ ಆಗಿ ಸಾಕ್ಷಿಯೂ ಬಿದ್ದರೆ ಅಮೆರಿಕದವರು ಅಲ್ಲಿಂದಲೇ ಓದಬಹುದು. ಆಮೇಲೆ ಮೇಡಂ ಆದರೂ ಅಷ್ಟೆ, ಯಾರಾದರೂ ಅಷ್ಟೆ, ಅಳಿಸಲಾಗುವುದಿಲ್ಲ. ಇದನ್ನು ಲ್ಯಾಬಿನವರಿಗೆಲ್ಲ ಕಲಿಸಿದವಳು ನಾನೇ.

೧೧ ಜನವರಿ

ಬೆಳಿಗ್ಗೆ ಹೋದವಳೇ ಪುಟ ತೆರೆದೆ. ಇನ್ನೊಮ್ಮೆ ಓದಿದೆ. ಮಾಡಿದ್ದು ಏನೋ ಅದೇ ಇದೆ. ಯಾರ ಮೇಲೂ ದೂರಿಲ್ಲ, ಪುಡಿಯನ್ನು ಯಾರು ತರಿಸಿದರು ಎಂದೂ ಇಲ್ಲ. ಎರಡು ಪಾತ್ರೆ, ಎರಡು ಲಾಟ್, ಎರಡು ಗ್ರಾಫ್, ಅದರ ಕೆಳಗೆ ನವೆಂಬರಿನಿಂದ ಕೆಟ್ಟ ಎಲ್ಲ ಬ್ಯಾಚುಗಳ ಪಟ್ಟಿ. ಪಾಸ್‌ವರ್ಡ್ ಹೊಡೆದು ಸಹಿ ಒತ್ತಿದೆ. ಭಯವಾಗಲಿಲ್ಲ. ಪ್ರಯೋಗ ಮಾಡಿದ್ದೆ, ಮಾಡಿದ್ದಕ್ಕೆ ಸಹಿ ಹಾಕಬೇಕು.

ಸಾಕ್ಷಿ ಬೇಕು. ಅಂಬಾದಾಸನನ್ನು ಕರೆದೆ.

“ಓದಿ ನೋಡು. ಸರಿ ಅನಿಸಿದ್ರ ಹಾಕು. ಇಲ್ಲಂದ್ರ ಬ್ಯಾಡ.”

ಅವನು ಓದಿದ. “ಮೇಡಂ ಏನಂದ್ರು?”

“ಹೀಂಗೇ ಇರಲಿ ಅಂದ್ರು.”

“ಮತ್ತ ಅಕ್ಕಾ…”

“ಅದಕ್ಕೇ ಹೇಳ್ಲಿಕತ್ತೀನಿ. ನಿನಗ ಒತ್ತಾಯ ಇಲ್ಲ.”

ಎದ್ದು ಹೋದ. ಮಧ್ಯಾಹ್ನದವರೆಗೆ ನನ್ನ ಕಡೆ ನೋಡಲಿಲ್ಲ. ನನ್ನ ಬಳಿ ಬೇರೆ ಸಾಕ್ಷಿ ಇರಲಿಲ್ಲ. ಬಸವಲಿಂಗ ಸರ್ ಹಾಕುವಂತಿಲ್ಲ, ವಿಷಯ ಅವರದೇ. ಚಹಾದ ಹೊತ್ತಿಗೆ ಅಂಬಾದಾಸ ಬಂದು ನಿಂತುಕೊಂಡೇ ತನ್ನ ಪಾಸ್‌ವರ್ಡ್ ಹೊಡೆದ. ಮೊದಲ ಸಲ ತಪ್ಪಾಯಿತು. ಎರಡನೇ ಸಲ ತೆಗೆದುಕೊಂಡಿತು.

“ನಾನೂ ಅಲ್ಲೇ ನಿಂತಿದ್ನಲ್ರಿ” ಎಂದ. “ನೋಡಿಲ್ಲ ಅಂತ ಹ್ಯಾಂಗ ಹೇಳ್ಲಿ?”

೧೩ ಜನವರಿ

ಅಮೆರಿಕದಿಂದ ಮೇಲ್ ಬಂದಿದೆ. ನಾಲ್ಕೇ ಸಾಲು. ಪುಟ ಓದಿದರಂತೆ. ಹಳೆಯ ಪುಡಿಗೇ ಮರಳಿ, ಮೂರನೇ ಹಂತವನ್ನು ಮೊದಲಿನಿಂದ ಮಾಡಿ, ಅನುಭವ ಇರುವ ಕೆಮಿಸ್ಟರೇ ಮಾಡಲಿ ಎಂದಿದ್ದಾರೆ. ಪುಡಿಯನ್ನು ಯಾಕೆ ಬದಲಿಸಿದಿರಿ ಎಂದು ಮೇಡಂಗೆ ಬೇರೆ ಮೇಲ್ ಬಂತಂತೆ. ಅವರು ಇಡೀ ದಿನ ಕೋಣೆಯಿಂದ ಹೊರಗೆ ಬರಲಿಲ್ಲ.

ಹೋಗುವಾಗ ನನ್ನ ಮೇಜಿನ ಬಳಿ ನಿಂತರು. “ನನಗೆ ಹೇಳಿ ಮಾಡಬಹುದಿತ್ತು.”

“ಹೇಳಿದ್ದೆ ಮೇಡಂ.”

“ಹೌದು. ನೀನು ಹೇಳಿದ್ದೆ” ಎಂದು ಹೋದರು.

೧೪ ಜನವರಿ

ಬಸವಲಿಂಗ ಸರ್‌ಗೆ ನಾನೇ ಹೇಳಿದೆ. ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಪುಟ ತೆರೆದೆ. ಬೆರಳಿಟ್ಟು ಸಾಲುಸಾಲಾಗಿ ಓದಿದರು. ಕೆಟ್ಟ ಬ್ಯಾಚುಗಳ ಪಟ್ಟಿಯ ಹತ್ತಿರ ಬಂದಾಗ ಪ್ರತಿಯೊಂದನ್ನೂ ತೆರೆಸಿ ತಮ್ಮ ತೂಕ ನೋಡಿದರು. ಎಲ್ಲ ಮುಗಿಯಲು ಬಹಳ ಹೊತ್ತಾಯಿತು.

“ತೂಕ ಸರಿ ಅದಾವ” ಎಂದರು.

“ಸರಿ ಅದಾವ್ರಿ.”

“ಎಲ್ಲಾ?”

“ಎಲ್ಲಾ ಸರಿ ಅದಾವ ಸರ್.”

ಕನ್ನಡಕ ತೆಗೆದು ಒರೆಸಿಕೊಂಡರು. ಕರೆಂಟ್ ಹೋಯಿತು, ಕಂಪ್ಯೂಟರಿನ ಬ್ಯಾಟರಿ ಕೂಗತೊಡಗಿತು. ಅವರು ಏಳಲಿಲ್ಲ. ನಾನೂ ಏಳಲಿಲ್ಲ.

ಇವತ್ತು ಸಂಕ್ರಾಂತಿ. ಯಾರೋ ಎಳ್ಳುಂಡೆ ಕೊಟ್ಟಿದ್ದರು. ಅತ್ತೆಗೆಂದು ಎರಡು ಉಳಿಸಿ ತಂದೆ.

೩೧ ಜನವರಿ

ಸರ್ ಹೋಗಲಿಲ್ಲ. ಇನ್ನೊಂದು ವರ್ಷ ಇರಿ ಎಂದು ಮೇಡಂ ಹೇಳಿದ್ದಾರೆ. ಕ್ಷಮೆ ಕೇಳಲಿಲ್ಲವಂತೆ. ಮೂರನೇ ಹಂತದ ಹೊಸ ಬ್ಯಾಚ್ ಇವತ್ತು ಸಂಜೆಗೆ ಪೂರ್ತಿ ಆಯಿತು. ಸರ್ ಪುಟ ಬರೆಯುವಾಗ ನನ್ನನ್ನು ಕರೆಯಲಿಲ್ಲ, ಒಬ್ಬರೇ ಬರೆದರು. ಸಾಕ್ಷಿಗೆ ಮಾತ್ರ ನನ್ನ ಹೆಸರು ಹಾಕಿದ್ದರು.

ಮೇಡಂ ಇನ್ನೂ ನನ್ನ ಹತ್ತಿರ ಕೆಲಸದ ಮಾತು ಬಿಟ್ಟು ಬೇರೇನೂ ಆಡುವುದಿಲ್ಲ. ಆದರೆ ಇನ್ನೆರಡು ವಿಭಾಗಗಳಿಗೂ ಎಲೆಕ್ಟ್ರಾನಿಕ್ ನೋಟ್‌ಬುಕ್ ಹಾಕಿಸಿ, ಕಲಿಸಲು ನನ್ನನ್ನೇ ನೇಮಿಸಿದ್ದಾರೆ. ಒಬ್ಬ ಆಗಲೇ ಕೇಳಿದ, ಆ ಕೆಂಪು ಖಾನೆ ತೆಗೆಯಲು ಬರುವುದಿಲ್ಲವೇ ಎಂದು. ಬರುವುದಿಲ್ಲ ಎಂದೆ.

೬ ಫೆಬ್ರುವರಿ, ಭಾನುವಾರ

ಶಿವಕಾಂತಾ ಮತ್ತೆ ಫೋನ್ ಮಾಡಿದಳು. ಮುಂದಿನ ಭಾನುವಾರ ಸಂಜೆ ಅತ್ತೆಯ ಸೋದರಳಿಯ ಬಂದು ಅವರನ್ನು ಕರೆದುಕೊಂಡು ಹೋಗುತ್ತಾನೆ. ಅತ್ತೆ ಒಪ್ಪಿದ್ದಾರೆ. ನಾನು ಸರಿ ಎಂದೆ. ಆಮೇಲೆ ಅಡುಗೆಮನೆಯಲ್ಲಿ ಬಹಳ ಹೊತ್ತು ನಿಂತಿದ್ದೆ. ಯಾಕೆ ಹೋಗಿದ್ದೆ ಎಂದು ನೆನಪಾಗಲಿಲ್ಲ.

೧೩ ಫೆಬ್ರುವರಿ, ಭಾನುವಾರ

ಅತ್ತೆ ಹೋಗಿಲ್ಲ. ಸಂಜೆ ಬಂದ ಸೋದರಳಿಯ ಒಬ್ಬನೇ ಮರಳಿ ಹೋದ.

ಮಧ್ಯಾಹ್ನ ಅವರ ಚೀಲ ಕಟ್ಟಿ ಬಾಗಿಲ ಬಳಿ ಇಟ್ಟಿತ್ತು. ಇಬ್ಬರೂ ಊಟ ಮಾಡಿದೆವು. ಎಲೆ ಅಡಿಕೆ ಹಾಕಿಕೊಳ್ಳುತ್ತ, ನನ್ನ ಮುಖ ನೋಡದೆ ಅವರು ಕೇಳಿದರು.

“ಹೋಗೂಕಿಂತ ಮೊದಲ ಒಂದು ಕೇಳ್ತೀನಿ. ಸಿಟ್ಟಾಗಬ್ಯಾಡ. ಆವತ್ತು ಏನಾತು? ನೀ ಸಂಗಾಟ ಇದ್ದಿ. ಯಾರೂ ನನಗ ಹೇಳಿಲ್ಲ. ಟೆಂಪೋ ಬಡೀತು ಅಂದ್ರು, ಅಷ್ಟ. ನಿನ್ನ ಮಾರಿ ನೋಡಿ ಕೇಳಾಕ ಧೈರ್ಯ ಆಗಿಲ್ಲ.”

ನಾನು ಹೇಳಿದೆ. ಹೇಗೆ ಆಯಿತೋ ಹಾಗೆ.

ನನ್ನ ಗಂಡನ ಫ್ಯಾಕ್ಟರಿಯ ಗೆಳೆಯ ಕಾಂತಪ್ಪನ ಮಗಳ ಮದುವೆಗೆ ದೇಹೂ ರೋಡಿಗೆ ಹೋಗಿದ್ದೆವು. ಊಟ ಮುಗಿಸಿ ಹೊರಟೆವು. ಬಿಸಿಲಿತ್ತು. ಮದುವೆ ಮನೆಯ ಜಿಲೇಬಿ ಬಹಳ ತಿಂದೆ, ಹೊಟ್ಟೆ ಭಾರವಾಗಿದೆ ಎಂದು ಅವರು ಹಿಂದೆ ತಿರುಗದೆ ಹೇಳುತ್ತಿದ್ದರು. ಗಾಳಿಗೆ ಅರ್ಧ ಮಾತು ಕೇಳುತ್ತಿತ್ತು. ಎದುರಿನ ಟೆಂಪೋ ಸಿಗ್ನಲ್ ಕೊಡದೆ ನಮ್ಮ ಕಡೆ ತಿರುಗಿತು. ಅವರು ಎಡಕ್ಕೆ ಎಳೆದರು. ನಾನು ಜಲ್ಲಿಯ ಮೇಲೆ ಬಿದ್ದೆ. ಎದ್ದು ನೋಡಿದಾಗ ಅವರು ರಸ್ತೆಯಲ್ಲಿ ಕೂತಿದ್ದರು.

“ಕೂತಿದ್ದನಾ?” ಎಂದರು ಅತ್ತೆ.

“ಕೂತಿದ್ರು. ಮಾತಾಡಿದ್ರು.”

ಅತ್ತೆಯ ಕೈಯಲ್ಲಿದ್ದ ಎಲೆ ಹಾಗೇ ನಿಂತಿತು. ಮಗ ಬಿದ್ದ ಕೂಡಲೇ ಹೋದ, ಒಂದು ಮಾತೂ ಆಡಲಿಲ್ಲ ಎಂದು ಅವರು ಇಷ್ಟು ದಿನ ತಿಳಿದಿದ್ದರಂತೆ.

“ಏನಂದ?”

“ನಿನಗೇನೂ ಆಗಿಲ್ಲಲ್ಲ ಅಂದ್ರು. ಇಲ್ಲ ಅಂದೆ. ನನಗ ಆಗ ಕೈ ನೋವು ಗೊತ್ತಾಗ್ಲಿಲ್ಲ. ಆಮ್ಯಾಲ, ಅವ್ವಗ ಈಗ ಫೋನ್ ಮಾಡಬ್ಯಾಡ, ಒಬ್ಬಾಕಿನ ಇದ್ದಾಳ, ಅಂಜತಾಳ ಅಂದ್ರು. ಮನೀಗೆ ಹೋಗಿ ನಾನ ಹೇಳ್ತೀನಿ ಅಂದ್ರು. ಆಮ್ಯಾಲ ಸ್ವಲ್ಪ ಮಲಕೋತೀನಿ ಅಂತ ಮಲಕೊಂಡ್ರು. ಮಿಲಿಟರಿ ಗಾಡಿಯವರು ಬಂದು ಎತ್ತಿಕೊಂಡು ಹೋದ್ರು. ನಾ ಅವರ ತಲಿ ಹಿಡಕೊಂಡು ಕೂತಿದ್ದೆ. ಆಸ್ಪತ್ರಿ ಬರೂಕಿಂತ ಮೊದಲ ಹೋಗ್ಯಾರ ಅಂತ ಡಾಕ್ಟ್ರು ಆಮ್ಯಾಲ ಹೇಳಿದ್ರು.”

ಕೆಳಗೆ ಯಾರೋ ಮಕ್ಕಳು ಕ್ರಿಕೆಟ್ ಆಡುತ್ತಿದ್ದರು. “ಅಂಜತಾಳ ಅಂದನಾ” ಎಂದರು ಅತ್ತೆ. ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನಕ್ಕ ಹಾಗೆ ಮಾಡಿ, “ಜಿಲೇಬಿ ಅಂದ್ರ ಸಣ್ಣಂವ ಇದ್ದಾಗಿಂದ ಹಂಗ” ಎಂದರು.

“ಅತ್ತಿ, ಹೋಗಬ್ಯಾಡ್ರಿ” ಎಂದೆ. ಯಾವಾಗ ಹೇಳಬೇಕೆಂದುಕೊಂಡೆನೋ ಗೊತ್ತಿಲ್ಲ.

ಅವರು ನನ್ನ ಕಡೆ ಸರಿದು ಕೂತರು. “ಇನ್ನೊಮ್ಮೆ ಹೇಳು. ಮೊದಲಿಂದ ಹೇಳು” ಎಂದರು.

ಮೊದಲಿಂದ ಹೇಳಿದೆ. ಈ ಸಲ ಮದುವೆ ಮನೆಯಲ್ಲಿ ಅವರು ಯಾರ ಪಕ್ಕ ಕೂತು ಉಂಡರು, ಯಾವ ಅಂಗಿ ಹಾಕಿದ್ದರು, ಹೊರಡುವ ಮುಂಚೆ ಕಾಂತಪ್ಪನ ಮಗಳಿಗೆ ಏನೆಂದು ಹರಸಿದರು, ಎಲ್ಲ ನೆನಪಿಗೆ ಬಂತು. ಟೆಂಪೋದ ಹತ್ತಿರ ಬಂದಾಗ ನನಗೆ ಅಳು ಬಂತು. ಅತ್ತೆ ನನ್ನ ಬೆನ್ನ ಮೇಲೆ ಕೈ ಇಟ್ಟರು, ಸಾಕು ಎನ್ನಲಿಲ್ಲ. ಅಳುತ್ತಲೇ ಕೊನೆಯವರೆಗೂ ಹೇಳಿದೆ.